‘ಚೆನ್ನಾಗಿದೆ, ಆದರೆ…’: ಒಂದು ಲಘು ಪ್ರೇಮಕಾದಂಬರಿಯ ವಿಮರ್ಶೆ ಬರೆದ ಬಗೆ

ಸ್ಯಾಲಿ ಥಾರ್ನ್ ಅವರ ‘ದಿ ಹೇಟಿಂಗ್ ಗೇಮ್’ (2016) ಬಗ್ಗೆ ಬರೆದ ಮೊದಲ ಕರಡಿನಲ್ಲಿ ‘ಚೆನ್ನಾಗಿದೆ, ಆದರೆ’ ಎಂಬುದು ನಾಲ್ಕು ಸಲ ಬಂದಿತ್ತು. ಓದಿದವರಿಗೆ ಪುಸ್ತಕ ಕೊಳ್ಳಬೇಕೋ ಬೇಡವೋ ತಿಳಿಯದು. ಅದನ್ನು ಬದಿಗಿಟ್ಟು ಎರಡನೇ ಓದಿಗೆ ಕೂತೆ.

ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟುವುದಿಲ್ಲ. ಇಂಥ ಕಥೆಗೆ ಓಟವೇ ಅರ್ಧ ಬಂಡವಾಳ; ಪುಟಪುಟಕ್ಕೂ ನಿಂತರೆ ಒಳ್ಳೆಯ ಪುಸ್ತಕವೂ ಪೆದ್ದಾಗಿ ಕಾಣುತ್ತದೆ. ಎರಡನೆಯದರಲ್ಲಿ ಅಂಚಿಗೆ ಎರಡೇ ಗುರುತು: ನಕ್ಕಲ್ಲಿ ಚುಕ್ಕೆ, ಮುಖ ಸಿಂಡರಿಸಿದಲ್ಲಿ ಗೆರೆ. ಕಾರಣ ಆಗಲೇ ಬರೆಯಬಾರದು, ಬರೆದರೆ ಮುಂದಿನ ಪುಟಗಳನ್ನೆಲ್ಲ ಅದೇ ಕಾರಣ ಓದಿಸುತ್ತದೆ.

ಚುಕ್ಕೆಗಳು ಕಚೇರಿಯ ಭಾಗದಲ್ಲಿ ಗುಂಪಾಗಿದ್ದವು. ಎರಡು ಪ್ರಕಾಶನ ಸಂಸ್ಥೆಗಳು ಒಂದಾಗಿವೆ. ಇಬ್ಬರು ಮುಖ್ಯಸ್ಥರ ಸಹಾಯಕರಾದ ಲೂಸಿ, ಜೋಶುವಾ ಎದುರುಬದುರು ಕೂತು ದಿಟ್ಟಿಸುವ ಪಂದ್ಯ, ಅಣಕಿಸುವ ಪಂದ್ಯ ಆಡುತ್ತಾರೆ. ಅವನ ಅಂಗಿಗಳ ಬಣ್ಣದ ಸರದಿಯೂ ಅವಳಿಗೆ ಬಾಯಿಪಾಠ. ಗೆರೆಗಳು ಬೇರೆಡೆ: ಅವನ ಎತ್ತರ, ಮೈಕಟ್ಟಿನ ವರ್ಣನೆ ಮತ್ತೆಮತ್ತೆ, ಒಬ್ಬ ಮುಖ್ಯಸ್ಥನ ದಪ್ಪ ಮೈ ಬಗ್ಗೆ ಹಳಸಲು ನಗೆ.

ಚುಕ್ಕೆ, ಗೆರೆ ಎರಡೂ ಒಂದೇ ಸಾಲಿಗೆ ಬಿದ್ದ ಪುಟಗಳೇ ವಿಮರ್ಶೆಗೆ ಬೇಕಾದದ್ದು. ಇಲ್ಲಿ ಅವೆಲ್ಲ ನಿರೂಪಣೆಗೆ ಸೇರಿದವು. ಇಡೀ ಕಥೆ ಲೂಸಿಯ ‘ನಾನು’. ಅವಳ ಕಣ್ಣು ತಪ್ಪಾಗಿ ಓದಿದ್ದನ್ನು ನಾವು ಸರಿಯಾಗಿ ಓದುತ್ತೇವೆ, ಅದೇ ಮಜಾ. ಜೋಶುವಾ ತನ್ನ ಡೈರಿಯಲ್ಲಿ ಹಾಕುವ ಪೆನ್ಸಿಲ್ ಗುರುತು ಎರಡನೇ ಓದಿನಲ್ಲಿ ಬೇರೆಯದೇ ಮಾತಾಡುತ್ತದೆ. ಆದರೆ ಅವನ ಮನಸ್ಸಿನ ಬಾಗಿಲು ನಮಗೆ ಮುಚ್ಚಿರುವುದರಿಂದಲೇ ಅವನ ಸಿಡುಕು, ಹೊಟ್ಟೆಕಿಚ್ಚು ಬಹಳ ಹೊತ್ತು ಪ್ರೀತಿಯ ಲೆಕ್ಕಕ್ಕೆ ಜಮೆಯಾಗುತ್ತವೆ. ‘ಆದರೆ’ಗಳನ್ನು ಹೊಡೆದುಹಾಕಿ ಇದೊಂದರ ಸುತ್ತ ಕರಡನ್ನು ಮತ್ತೆ ಬರೆದೆ.

ಹಾಸ್ಯವನ್ನು ಕನ್ನಡಕ್ಕೆ ತರುವಾಗ ಸಾಲು ಅನುವಾದಿಸಿದರೆ ಸಪ್ಪೆ. ಸನ್ನಿವೇಶ ಹೇಳಿದರೆ ಸಾಕು. ಅವನು ಅವಳನ್ನು ‘ಶಾರ್ಟ್‌ಕೇಕ್’ ಎಂದು ಕರೆಯುತ್ತಾನೆ. ಅದು ಸ್ಟ್ರಾಬೆರಿ ಹಾಕುವ ತಿನಿಸು, ಅವಳ ಅಪ್ಪಅಮ್ಮನದು ಸ್ಟ್ರಾಬೆರಿ ತೋಟ, ಅವಳು ಗಿಡ್ಡಿ: ಒಂದೇ ಪದದಲ್ಲಿ ಮೂರು ಚುಚ್ಚು. ‘ಕುಳ್ಳಿ’ ಎಂದರೆ ಎರಡು ಉದುರುತ್ತವೆ. ನಮ್ಮಲ್ಲಾದರೆ ಇಂಥ ಜೋಡಿ ‘ನೀವು’ ಬಿಟ್ಟು ‘ನೀನು’ ಎಂದ ದಿನವೇ ಓದುಗ ಕಿವಿ ನಿಮಿರಿಸುತ್ತಾನೆ. ಇಂಗ್ಲಿಷಿನಲ್ಲಿ ಆ ಮೆಟ್ಟಿಲಿಲ್ಲ, ಅಡ್ಡಹೆಸರೇ ಆ ಕೆಲಸ ಮಾಡಬೇಕು. ಬೈಗುಳವಾಗಿದ್ದದ್ದು ಮುದ್ದಾಗುವ ಜಾಗ ಗುರುತಿಸಿದರೆ ಕಾದಂಬರಿಯ ತಿರುವು ಸಿಕ್ಕಂತೆ.

ಕಥೆಯನ್ನು ಮೊದಲ ಕಾಲುಭಾಗದಾಚೆ ಹೇಳುವುದಿಲ್ಲ. ಸುಖಾಂತವನ್ನು ದೋಷವೆನ್ನುವುದು ತಪ್ಪು, ಓದುಗ ದುಡ್ಡು ಕೊಟ್ಟದ್ದೇ ಅದಕ್ಕೆ. ಅಲ್ಲಿಗೆ ತಲುಪಿದ ದಾರಿಯನ್ನು ದೂರಬಹುದು. ಇಬ್ಬರ ಕಣ್ಣೂ ಒಂದೇ ಬಡ್ತಿಯ ಮೇಲಿದೆ. ಆ ಗಂಟು ಬಿಗಿದಷ್ಟು ಕಷ್ಟದಿಂದ ಬಿಚ್ಚುವುದಿಲ್ಲ, ಸುಲಭವಾಗಿ ಜಾರುತ್ತದೆ. ಹೇಗೆಂದು ಹೇಳದೆ ಇಷ್ಟನ್ನು ಬರೆದೆ.

ಕೊನೆಯ ಸಾಲು ಹೀಗಿಟ್ಟೆ: ಮಾತಿನ ಚಕಮಕಿ ಇಷ್ಟಪಡುವವರು ಕೊಳ್ಳಿ, ಸಿಡುಕುವ ನಾಯಕರನ್ನು ಕಂಡರಾಗದವರು ಮೊದಲ ಮೂರು ಅಧ್ಯಾಯ ಎರವಲು ಪಡೆದು ನೋಡಿ.