ಜಿ-ಎಲ್ ಮನೆಯವರು, ಡಬ್ಲ್ಯೂ-ಆರ್ ಮನೆಯವರು: ನಾನು ಇಂಗ್ಲಿಷ್ ಪದ ಕಲಿತ ಬಗೆ

ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಕಡೆ ‘ಗ್ಲೀಮ್ – ಹೊಳೆ’ ಅಂತಿದೆ. ನಾಲ್ಕು ಪುಟ ಬಿಟ್ಟು ‘ಗ್ಲಿಟರ್ – ಹೊಳೆ’. ಇನ್ನಷ್ಟು ಪುಟ ದಾಟಿದರೆ ‘ಗ್ಲೋ – ಹೊಳೆ’, ಅದರ ಬೆನ್ನಿಗೇ ‘ಗ್ಲಿಂಟ್ – ಹೊಳೆ’. ನಾಲ್ಕು ಸಲ ನಿಘಂಟು ಬಿಡಿಸಿದ್ದೇನೆ, ನಾಲ್ಕೂ ಸಲ ಅದೇ ಅರ್ಥ ಇಳಿಸಿಕೊಂಡಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಅನುವಾದದ ಕೆಲಸ ಹಿಡಿದವಳು ನಾನು. ದಿನಕ್ಕೆ 20 ಪದ ಉರು ಹೊಡೆಯುವುದು ಆಗಿನ ನನ್ನ ಪದ್ಧತಿ. ಬೆಳಿಗ್ಗೆ ಬಾಯಲ್ಲಿದ್ದದ್ದು ಸಂಜೆಗೆ ಮಾಯ.

ಒಂದು ದಿನ ಬೇಸತ್ತು ಆ ನಾಲ್ಕನ್ನೂ ಒಂದೇ ಹಾಳೆಗೆ ಎತ್ತಿ ಬರೆದೆ. ಆಗ ಕಣ್ಣಿಗೆ ಬಿತ್ತು, ನಾಲ್ಕಕ್ಕೂ ಮೊದಲೆರಡು ಅಕ್ಷರ ಜಿ ಮತ್ತು ಎಲ್. ನಿಘಂಟಿನಲ್ಲಿ ಆ ಭಾಗ ತೆಗೆದು ಬೆರಳಿಟ್ಟುಕೊಂಡು ಹೋದರೆ ಗ್ಲಿಮರ್, ಗ್ಲೇರ್, ಗ್ಲಾನ್ಸ್, ಗ್ಲಿಂಪ್ಸ್, ಗ್ಲಾಸ್, ಗ್ಲೇಜ್... ಬೆಳಕು, ಇಲ್ಲವೇ ಕಣ್ಣು. ಎಲ್ಲ ಒಂದೇ ಮನೆಯವರ ಹಾಗೆ.

ಇದು ನನ್ನ ಶೋಧವೇನಲ್ಲ ಅಂತ ಆಮೇಲೆ ಗೊತ್ತಾಯಿತು. ಜೆ. ಆರ್. ಫರ್ತ್ ಎಂಬ ಭಾಷಾವಿಜ್ಞಾನಿ 1930ರಲ್ಲೇ ಇಂಥ ಜೋಡಿಗಳಿಗೆ ‘ಫೋನೆಸ್ತೀಮ್’ ಅಂತ ಹೆಸರಿಟ್ಟಿದ್ದರು. ಜೋಡಿಗೆ ತನ್ನದೇ ಆದ ಅರ್ಥ ಅಂತ ಇರುವುದಿಲ್ಲ. ಆದರೆ ಅದನ್ನು ಹೊತ್ತ ಪದಗಳಲ್ಲಿ ಬಹಳಷ್ಟು ಒಂದೇ ಕಡೆಗೆ ವಾಲುತ್ತವೆ. ಆ ಹೆಸರಿಗಿಂತ ನನಗೆ ಖುಷಿ ಕೊಟ್ಟದ್ದು ಕನ್ನಡದಲ್ಲೂ ಇದು ಇದೆಯಲ್ಲ ಅನ್ನುವುದು. ಮಿಂಚು, ಮಿನುಗು, ಮಿಣುಕು, ಮಿರುಗು, ಕಣ್ಣಾದರೆ ಮಿಟುಕು. ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡೇ ಗಮನಿಸಿರಲಿಲ್ಲ.

ಅಲ್ಲಿಂದಾಚೆ ಅಕ್ಷರದ ಜೋಡಿಗೊಂದು ಪುಟ. ಜೊತೆಗೆ ಒಂದು ಕಟ್ಟುಪಾಡು: ಒಂದು ಪುಟದಲ್ಲಿ ಒಂದು ಕನ್ನಡ ಅರ್ಥ ಎರಡು ಸಲ ಬರಕೂಡದು. ‘ಹೊಳೆ’ ಒಮ್ಮೆ ಖರ್ಚಾದರೆ ಮುಗಿಯಿತು, ಮುಂದಿನದಕ್ಕೆ ಬೇರೆ ಹುಡುಕಬೇಕು. ಹುಡುಕುವ ಕಷ್ಟದಲ್ಲೇ ಪದ ತಲೆಯಲ್ಲಿ ಕೂರುತ್ತದೆ. ಗ್ಲೋ ಅಂದರೆ ಕೆಂಡ. ಜ್ವಾಲೆಯಿಲ್ಲ, ಮಿನುಗಾಟವಿಲ್ಲ, ಒಳಗಿಂದ ಬರುವ ಸಮ ಕಾಂತಿ. ಗ್ಲಿಟರ್ ಅಂದರೆ ಒಡೆದ ಗಾಜಿನ ಚೂರುಗಳ ಮೇಲೆ ಬಿದ್ದ ಬಿಸಿಲು. ಗ್ಲೀಮ್‌ಗೆ ಉಜ್ಜಿ ಒರೆಸಿಟ್ಟ ಲೋಹ. ಗ್ಲಿಂಟ್ ಮಾತ್ರ ಕತ್ತಿಯ ಅಂಚು ಹೊರಳಿದಾಗ ಚಕ್ಕನೆ ಹೊಡೆದು ಹೋಗುವುದು, ಎರಡನೇ ಸಲ ನೋಡುವಷ್ಟರಲ್ಲಿ ಇಲ್ಲ. ಗ್ಲೇರ್ ಕಣ್ಣು ಕುಕ್ಕುವ ಬೆಳಕು. ಮನುಷ್ಯರು ಗ್ಲೇರ್ ಮಾಡಿದರೆ ದುರುಗುಟ್ಟಿ ನೋಡಿದರು ಅಂತ.

ಗ್ಲಾನ್ಸ್, ಗ್ಲಿಂಪ್ಸ್ ಎರಡೂ ವರ್ಷಗಟ್ಟಲೆ ಕಾಡಿದವು. ಎರಡಕ್ಕೂ ‘ಕ್ಷಣಿಕ ನೋಟ’ ಅಂತ ಬರೆದುಕೊಂಡರೆ ಕಾಡದೆ ಏನು ಮಾಡುತ್ತವೆ? ಗ್ಲಾನ್ಸ್ ನಾನು ಮಾಡುವುದು, ಗ್ಲಿಂಪ್ಸ್ ನನಗೆ ಸಿಗುವುದು. ಗಡಿಯಾರದ ಕಡೆ ಕಣ್ಣು ಹಾಯಿಸಿದರೆ ಮೊದಲನೆಯದು. ಓಡುವ ಬಸ್ಸಿನ ಕಿಟಕಿಯಲ್ಲಿ ಗೆಳತಿಯ ಮುಖ ಕಂಡೂ ಕಾಣದಂತೆ ಮರೆಯಾದರೆ ಎರಡನೆಯದು.

ಪುಟದ ಕೆಳಗೆ ಒಂದು ಚೌಕ ಎಳೆದು ‘ಹೊರಗಿನವರು’ ಅಂತ ಬರೆದೆ. ಅಕ್ಷರ ಅದೇ, ಅರ್ಥ ಬೇರೆ ಅನ್ನುವಂಥವು ಅಲ್ಲಿಗೆ. ಗ್ಲವ್, ಗ್ಲೂ, ಗ್ಲಾಡ್ ಅಲ್ಲಿ ಹೋಗಿ ಕೂತವು. ಈ ಚೌಕ ಇಲ್ಲದಿದ್ದರೆ ಇಡೀ ಪದ್ಧತಿಯೇ ಮೂಢನಂಬಿಕೆ ಆಗಿಬಿಡುತ್ತದೆ.

ಎಸ್-ಎನ್ ಪುಟ ಪೂರ್ತಿ ಮೂಗು. ಸ್ನೌಟ್ ಮೂತಿ, ಸ್ನಿಫ್ ಮೂಸುವುದು, ಸ್ನೋರ್ ಗೊರಕೆ, ಸ್ನಾಟ್ ಸಿಂಬಳ, ಸ್ನಫ್ ನಸ್ಯ. ಸ್ನಿಯರ್ ಅಂದರೆ ತಾತ್ಸಾರದ ನಗೆ; ‘ಮೂಗು ಮುರಿ’ ಅಂತ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸೀನುವುದಕ್ಕಿರುವ ಸ್ನೀಜ್ ಹಳೆಯ ಇಂಗ್ಲಿಷಿನಲ್ಲಿ ಎಸ್-ಎನ್ ಅಲ್ಲ, ಎಫ್-ಎನ್ ಇಂದ ಶುರುವಾಗುತ್ತಿತ್ತಂತೆ. ಎಫ್-ಎನ್ ಭಾಷೆಯಿಂದಲೇ ಮರೆಯಾದಾಗ ಅದು ಬಂದು ಸೇರಿದ್ದು ಈ ಮೂಗಿನ ಮನೆಗೇ. ಹಾವು, ಹಿಮ, ಬಸವನಹುಳು ಮೂರೂ ಹೊರಗಿನವರು.

ನನಗೆ ತೀರಾ ಇಷ್ಟವಾದದ್ದು ಡಬ್ಲ್ಯೂ-ಆರ್ ಪುಟ. ಉಚ್ಚಾರಣೆಯಲ್ಲಿ ಡಬ್ಲ್ಯೂ ಇಲ್ಲವೇ ಇಲ್ಲ, ಹಾಗಾಗಿ ಸ್ಪೆಲ್ಲಿಂಗಿನಲ್ಲಿ ಅದನ್ನು ಬಿಟ್ಟು ಎಷ್ಟು ಸಲ ಬೈಸಿಕೊಂಡಿದ್ದೇನೋ. ಹಿಂದೊಂದು ಕಾಲಕ್ಕೆ ಅದನ್ನೂ ಉಚ್ಚರಿಸುತ್ತಿದ್ದರು. ದನಿ ಹೋಯಿತು, ಬರಹದಲ್ಲಿ ಉಳಿಯಿತು. ಈಗ ಅದೇ ನನಗೆ ಗುರುತು. ಏನಾದರೂ ತಿರುಚುತ್ತಿದೆಯೇ, ಸುತ್ತುತ್ತಿದೆಯೇ, ಸೊಟ್ಟಗಾಗಿದೆಯೇ ಅಂತ ನೋಡುತ್ತೇನೆ. ಒದ್ದೆ ಬಟ್ಟೆ ಹಿಂಡುವ ರಿಂಗ್‌ನಲ್ಲಿ ಡಬ್ಲ್ಯೂ ಇದೆ, ಬೆರಳಿಗೆ ಹಾಕುವ ರಿಂಗ್‌ನಲ್ಲಿ ಇಲ್ಲ. ಕಾಗದ ಸುತ್ತುವ ರ್‍ಯಾಪ್‌ನಲ್ಲಿ ಇದೆ, ಬಾಗಿಲು ತಟ್ಟುವ ರ್‍ಯಾಪ್‌ನಲ್ಲಿ ಇಲ್ಲ. ಸುಕ್ಕಿನ ರಿಂಕಲ್, ಹುಳು ನುಲಿಯುವ ರಿಗಲ್, ನಟ್ಟು ತಿರುಗಿಸುವ ರೆಂಚ್, ತಿರುಗುವ ಮಣಿಕಟ್ಟು ರಿಸ್ಟ್, ಎಲ್ಲಕ್ಕೂ ಇದೆ. ‘ತಪ್ಪು’ ಅನ್ನುವ ರಾಂಗ್‌ಗೆ ಏಕೆ ಅಂತ ನೋಡಿದರೆ ಅದರ ಹಳೆಯ ಅರ್ಥವೇ ಡೊಂಕು! ಬರೆಯುವ ರೈಟ್ ಮಾತ್ರ ಬಗ್ಗಲಿಲ್ಲ. ಅದರ ಮೂಲ ಗೀಚುವುದು, ಕೊರೆಯುವುದು. ಹೊರಗಿನವರ ಚೌಕಕ್ಕೆ ಹಾಕಿದೆ.

ಇಷ್ಟಾದ ಮೇಲೆ ನನಗೆ ಸ್ವಲ್ಪ ಜಂಭ ಬಂದಿತ್ತು. ತಂಗಿಯನ್ನು ಕೂರಿಸಿಕೊಂಡು ಲ್ಯಾಟಿನ್ ಮೂಲದ ಪುಟ ತೆರೆದೆ. “ನೋಡು, ಪಿ-ಇ-ಡಿ ಅಂದರೆ ಕಾಲು. ಪೆಡಲ್ ಕಾಲಲ್ಲಿ ತುಳಿಯೋದು, ಪೆಡೆಸ್ಟ್ರಿಯನ್ ಕಾಲ್ನಡಿಗೆಯವನು.”

“ಅಕ್ಕಾ, ಹಾಗಾದ್ರೆ ಪೀಡಿಯಾಟ್ರಿಷಿಯನ್ ಅಂದ್ರೆ ಕಾಲಿನ ಡಾಕ್ಟರಾ?”

ನನಗೆ ಉತ್ತರ ಬರಲಿಲ್ಲ. ಆಮೇಲೆ ನೋಡಿದರೆ ಅದು ಲ್ಯಾಟಿನ್ನೇ ಅಲ್ಲ, ಮಗು ಅನ್ನುವ ಗ್ರೀಕ್ ಪದದಿಂದ ಬಂದದ್ದು. ಬ್ರಿಟಿಷ್ ಸ್ಪೆಲ್ಲಿಂಗಿನಲ್ಲಿ ಪಿ-ಎ-ಇ-ಡಿ ಅಂತಿರುವುದರಿಂದ ಗೊಂದಲವಿಲ್ಲ; ಅಮೆರಿಕನ್ನರು ಎ ಕಿತ್ತುಹಾಕಿ ಎರಡನ್ನೂ ಒಂದು ಮಾಡಿದ್ದಾರೆ. ಪಾದದ ಡಾಕ್ಟರಿಗೆ ಬೇರೆಯೇ ಹೆಸರಿದೆ, ಪೊಡಿಯಾಟ್ರಿಸ್ಟ್, ಅದೂ ಗ್ರೀಕ್. ವಂಶಾವಳಿಯ ಪೆಡಿಗ್ರಿಗೂ ಕಾಲಿಗೂ ಸಂಬಂಧವಿರಲಾರದು ಅಂದುಕೊಂಡಿದ್ದೆ, ಅದು ಇತ್ತು: ಹಳೆಯ ಫ್ರೆಂಚಿನಲ್ಲಿ ಕೊಕ್ಕರೆಯ ಕಾಲು ಅಂತ ಅರ್ಥ. ವಂಶವೃಕ್ಷದಲ್ಲಿ ಕವಲು ತೋರಿಸುವ ಗೆರೆ ಹಾಗೆ ಕಾಣುತ್ತಿತ್ತಂತೆ. ಅಂದಿನಿಂದ ಯಾವ ಪದವನ್ನೂ ಅಕ್ಷರ ನೋಡಿದ್ದೇ ಪುಟಕ್ಕೆ ಸೇರಿಸುವುದಿಲ್ಲ. ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ನಿಘಂಟಿನಲ್ಲಿ ವ್ಯುತ್ಪತ್ತಿ ನೋಡಿ, ಆಮೇಲೆ ಪೆನ್ನು.

ತಂಗಿ ಈಗ ಅದೇ ನೋಟ್‌ಬುಕ್ಕು ಇಟ್ಟುಕೊಂಡಿದ್ದಾಳೆ. ಮೊನ್ನೆ ಜಿ-ಎಲ್ ಪುಟ ಹಿಡಿದು ಬಂದು, “ಗ್ಲಾಡ್ ಯಾಕಕ್ಕ ಹೊರಗೆ? ಖುಷಿಯಾದ್ರೆ ಮುಖ ಬೆಳಗಲ್ವಾ?” ಅಂದಳು. ಹಾಗೆಲ್ಲ ಎಳೆದು ತಂದು ಸೇರಿಸಬಾರದು ಅಂತ ಬುದ್ಧಿ ಹೇಳಿಯೇ ನಿಘಂಟು ತೆಗೆದೆ. ಹಳೆಯ ಇಂಗ್ಲಿಷಿನಲ್ಲಿ ಗ್ಲಾಡ್ ಅಂದರೆ ‘ಹೊಳೆಯುವ’ ಅಂತಲೂ ಇತ್ತು. ಚೌಕದಿಂದ ಒಂದು ಬಾಣ ಎಳೆದು ಅದನ್ನು ಮೇಲಕ್ಕೆ ಕಳಿಸಿದಳು. ‘ಹೊಳೆ’ ಆಗಲೇ ಖರ್ಚಾಗಿತ್ತು. ಪಕ್ಕದಲ್ಲಿ ‘ಬೆಳಗು’ ಅಂತ ಬರೆದಿದ್ದಾಳೆ.