ಕಚ್ಚಾ ಕಾಸ್ಟಿಂಗ್‌ಗೆ ಮೂರೇ ಪಿನ್: ಭೋಸರಿಯಲ್ಲಿ ನನ್ನ ಅನುಭವ

ಗೇರ್‌ಬಾಕ್ಸ್ ಹೌಸಿಂಗನ್ನು (ಗೇರ್‌ಗಳ ಹೊರಕವಚದ ಎರಕವನ್ನು) ಮಷಿನ್ ಮಾಡಲು ಮೂರು ಪಿನ್ ಮೇಲೆ ಕೂರಿಸುತ್ತೇನೆ ಅಂದಾಗ ಪುಣೆ ಹತ್ತಿರದ ಭೋಸರಿಯ ನಮ್ಮ ಸಾಲಿನ ಗಾಲಾಗಳಲ್ಲಿ (ಸಣ್ಣ ವರ್ಕ್‌ಶಾಪ್‌ಗಳಲ್ಲಿ) ಯಾರೂ ಒಪ್ಪಲಿಲ್ಲ. ಪಕ್ಕದ ಗಾಲಾದ ವಿಜಯಪುರದ ಕಾಕಾ ಅಂತೂ, "ತಮ್ಮಾ, ಕಟರ್ ತಾಗಿದ ಕೂಡಲೇ ಜಾಬ್ ಎದ್ದು ಹೋಗ್ತದ ನೋಡು" ಎಂದರು. ಜಾಬ್ ಅಂದರೆ ಮಷಿನ್ ಮೇಲೆ ಹಿಡಿದ ಭಾಗ. ಈಗ ಒಂದೂವರೆ ವರ್ಷವಾಯಿತು, ಅದು ಎದ್ದಿಲ್ಲ.

ಕಾಸ್ಟಿಂಗ್ ಬರುವುದು ಬೆಳಗಾವಿಯಿಂದ, ತೂಕ ಹದಿನೆಂಟು ಕಿಲೋ ಆಸುಪಾಸು. ಗಿರಾಕಿ ಕೊಟ್ಟಿದ್ದ ಹಳೆಯ ಫಿಕ್ಸ್ಚರ್‌ಗೆ (ಜಾಬ್ ಕೂರಿಸಿ ಹಿಡಿಯುವ ಚೌಕಟ್ಟಿಗೆ) ನಾಲ್ಕು ಚಪ್ಪಟೆ ಪ್ಯಾಡ್. ಕಚ್ಚಾ ಮೈ ನಾಲ್ಕರ ಮೇಲೂ ಒಟ್ಟಿಗೆ ಕೂರುವುದಿಲ್ಲ. ಒಂದು ಜಾಬ್ ಈ ಮೂರರ ಮೇಲೆ, ಮುಂದಿನದು ಆ ಮೂರರ ಮೇಲೆ. ಆಪರೇಟರ್ ಸಂದಿಗೆ ಷಿಮ್ (ತೆಳು ತಗಡು) ತುರುಕಿ ಕ್ಲ್ಯಾಂಪ್ ಬಿಗಿದರೆ ಜಾಬ್ ಬಾಗುತ್ತದೆ. ಬಿಚ್ಚಿದ ಮೇಲೆ ಮಷಿನ್ ಮಾಡಿದ ಮುಖ (ಫೇಸ್) 0.15 ಮಿಮೀ ತನಕ ಔಟ್! ಬೋರ್ (ಕೊರೆದ ರಂಧ್ರ) ಒಂದು ಕಡೆ ಸರಿದು ಗೋಡೆ ತೆಳುವಾಗುತ್ತಿತ್ತು. ನೂರಕ್ಕೆ ಎಂಟೊಂಬತ್ತು ರಿಜೆಕ್ಟ್, ಪ್ರತಿಯೊಂದಕ್ಕೂ ಸುಮಾರು 1,800 ರೂಪಾಯಿ ಡೆಬಿಟ್ ನಮ್ಮ ಮೇಲೆ. ಫೌಂಡ್ರಿಯವರು ಕಾಸ್ಟಿಂಗ್ ಸರಿಯಾಗಿದೆ ಅನ್ನುತ್ತಿದ್ದರು.

ಉತ್ತರ ಡ್ರಾಯಿಂಗ್‌ನಲ್ಲೇ ಇತ್ತು, ಅಲ್ವಾ? ಎ1, ಎ2, ಎ3, ಬಿ1, ಬಿ2, ಸಿ1 ಎಂದು ಡೇಟಮ್ ಟಾರ್ಗೆಟ್‌ಗಳನ್ನು, ಅಂದರೆ ಜಾಬ್ ಹಿಡಿಯಲೂ ಅಳೆಯಲೂ ಆಧಾರವಾಗುವ ಬಿಂದುಗಳನ್ನು, ಗುರುತಿಸಿದ್ದರು: ಎ ಮೂರು ಅಡಿಗೆ, ಬಿ ಎರಡು ಒಂದು ಪಕ್ಕಕ್ಕೆ, ಸಿ ಒಂದು ತುದಿಗೆ. ಫೌಂಡ್ರಿ ಕಾಸ್ಟಿಂಗ್‌ನ ಅಳತೆ (ಲೇಔಟ್) ಚೆಕ್ ಮಾಡುವುದೂ ಅವೇ ಬಿಂದುಗಳಿಂದ. ನಾವೂ ಅಲ್ಲೇ ಹಿಡಿದರೆ ಜಗಳಕ್ಕೆ ಜಾಗವೇ ಇಲ್ಲ. ಮೂರು ಕಲ್ಲಿನ ಒಲೆ ಎಂಥ ಒರಟು ನೆಲದಲ್ಲೂ ಅಲುಗದೆ ಕೂರುತ್ತದಲ್ಲ, ಹಾಗೆ.

ಒಂದು ತೊಡಕಿತ್ತು. ಬಿ1 ಪಾರ್ಟಿಂಗ್ ಲೈನ್‌ನ (ಅಚ್ಚಿನ ಎರಡು ಅರ್ಧ ಸೇರುವ ಗೆರೆಯ) ಮೇಲ್ಬದಿಯಲ್ಲಿ, ಬಿ2 ಕೆಳಬದಿಯಲ್ಲಿ. ಅಚ್ಚಿನ ಒಂದು ಬಾಕ್ಸ್ ಇನ್ನೊಂದರ ಮೇಲೆ ಅರ್ಧ ಮಿಲಿಮೀಟರ್ ಸರಿದರೂ ಇಡೀ ಜಾಬ್ ತಿರುಗುತ್ತದೆ. ಎರಡನ್ನೂ ಒಂದೇ ಬದಿಗೆ ತರಿಸಿ ಡ್ರಾಯಿಂಗ್ ರಿವೈಸ್ ಮಾಡಿಸುವುದಕ್ಕೆ ಎರಡು ತಿಂಗಳ ಮೇಲಾಯಿತು. ನಾನು ಹಟ ಬಿಡಲಿಲ್ಲ.

ಮೊದಲು ಹಾಕಿದ್ದು ಇಎನ್31 ಉಕ್ಕಿನ ಹಾರ್ಡ್ ಪಿನ್, ಗುಂಡು ತಲೆಯದು. ಕಾಸ್ಟಿಂಗ್ ಮರಳು ಅದನ್ನು ಬೇಗ ತಿಂದುಹಾಕಿತು. ಆಮೇಲೆ ಇನ್ನೂ ಗಟ್ಟಿಯಾದ ಕಾರ್ಬೈಡ್ ತಲೆ ಬ್ರೇಜ್ ಮಾಡಿಸಿದೆ (ಬೆಸೆಸಿದೆ), ಇವತ್ತಿಗೂ ಅದೇ ಇದೆ. ಕ್ಲ್ಯಾಂಪ್‌ಗಳು ಸರಿಯಾಗಿ ಪಿನ್‌ಗಳ ನೆತ್ತಿಯ ಮೇಲೇ ಇವೆ. ಬಿಗಿಯುವ ಕ್ರಮದಲ್ಲಿ ಒಂದು ಗುಟ್ಟಿದೆ, ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಪಿನ್ ಮೂರೇ ಆದ್ದರಿಂದ ಆಸರೆಯಿಲ್ಲದ ಮೂಲೆಯಲ್ಲಿ ಕಟರ್ ಚ್ಯಾಟರ್ ಮಾಡುತ್ತಿತ್ತು (ಅದುರುತ್ತಿತ್ತು). ವೆಜ್ (ಬೆಣೆ) ಇಟ್ಟು ನೋಡಿದೆ, ಚಿಪ್ (ಲೋಹದ ಚೂರು) ಸಿಕ್ಕಿಕೊಂಡಿತು. ಹೈಡ್ರಾಲಿಕ್ ಸಪೋರ್ಟ್‌ನ ರೇಟ್ ಕೇಳಿ ಕೈಬಿಟ್ಟೆ. ಕೊನೆಗೆ ಸ್ಪ್ರಿಂಗಿನಿಂದ ಏರಿ ಲಾಕ್ ಆಗುವ ಜ್ಯಾಕ್ ನಾವೇ ಮಾಡಿದೆವು, ಮೂರೂವರೆ ಸಾವಿರದೊಳಗೆ. ಅದು ಜಾಬ್ ಎಲ್ಲಿ ಕೂರಬೇಕೆಂದು ತೀರ್ಮಾನಿಸುವುದಿಲ್ಲ, ಕೂತದ್ದಕ್ಕೆ ಸುಮ್ನೆ ಆಸರೆ ಕೊಡುತ್ತದೆ. ಕಾಕಾಗೆ ಈ ವ್ಯತ್ಯಾಸ ತೋರಿಸಿದ ಮೇಲೆ ಅವರೂ ಒಂದು ಮಾಡಿಸಿಕೊಂಡರು.

ಜಾಬನ್ನು ಮತ್ತೆ ಕೂರಿಸುವ ಎರಡನೇ ಸೆಟಿಂಗ್ ಎಲ್ಲರೂ ಮಾಡುವಂಥದ್ದೇ: ಮಷಿನ್ ಆದ ಫೇಸ್ ಮೇಲೆ ಕೂರಿಸಿ, ಒಂದು ರಂಧ್ರಕ್ಕೆ ಗುಂಡು ಪಿನ್, ಇನ್ನೊಂದಕ್ಕೆ ಡೈಮಂಡ್ ಪಿನ್ (ಎರಡು ಬದಿ ತೆಗೆದದ್ದು).

ಫಿಕ್ಸ್ಚರ್‌ಗೆ ಒಟ್ಟು 65 ಸಾವಿರದಷ್ಟು ಹೋಯಿತು. ರಿಜೆಕ್ಷನ್ ಈಗ ನೂರಕ್ಕೆ ಒಂದು, ಅದೂ ಹೆಚ್ಚಾಗಿ ಬ್ಲೋಹೋಲ್‌ನಿಂದ (ಎರಕದೊಳಗಿನ ಗಾಳಿಗುಳ್ಳೆಯಿಂದ). ಇದನ್ನೇ ಅಲ್ಯೂಮಿನಿಯಂ ಕವರ್ ಮೇಲೂ ಮಾಡಿ ನೋಡಿದೆ. ಗುಂಡು ತಲೆ ಮೆತ್ತನೆ ಮೈಯಲ್ಲಿ ಕುಳಿ ಬೀಳಿಸುತ್ತದೆ. ಅದಕ್ಕೆ 12 ಮಿಮೀ ಚಪ್ಪಟೆ ತಲೆ ಹಾಕಿ ಓಡಿಸುತ್ತಿದ್ದೇನೆ. ಕುಳಿ ನಿಂತಿದೆ, ಆದರೆ ತಲೆಯ ಕೆಳಗೆ ಚಿಪ್ ಕೂರದಂತೆ ಪ್ರತಿ ಜಾಬ್‌ಗೂ ಗಾಳಿ ಹೊಡೆಯಬೇಕು.