ಮೂರು ಸಲ ಹಾಕಿದರೂ ಸಿಗದ ಪಾಂಡಾಸ್

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಹೋದರೆ ದ್ರಾಕ್ಷಿ ತೋಟಗಳು. ಆ ಭಾಗದ ರೈತರು ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ, ಲೆಕ್ಕ ತಪ್ಪಿದರೂ ನಾನೇ. ಯಾರ ಲಾಟು, 15 ಕಿಲೋ ಬಾಕ್ಸು ಎಷ್ಟು ಒಳಗೆ ಬಂದವು, ಎಷ್ಟು ಹೊರಗೆ ಹೋದವು ಎಂದು ಗುಮಾಸ್ತರು ದಿನವಿಡೀ ಎಕ್ಸೆಲ್‌ನಲ್ಲಿ ತುಂಬುತ್ತಾರೆ. ಬೆಳಗ್ಗೆ ಆರಕ್ಕೆ ಪೈಥಾನ್ ಭಾಷೆಯ ನನ್ನ ಸ್ಕ್ರಿಪ್ಟ್ ಅದನ್ನು ಪಾಂಡಾಸ್ ಎಂಬ, ಲೆಕ್ಕದ ಹಾಳೆ ಓದುವ ಸಿದ್ಧ ಪ್ಯಾಕೇಜಿನ ಮೂಲಕ ಓದಿ, ರೈತವಾರು ಬಾಕಿ ಕೂಡಿಸಿ ಹೊಸ ಹಾಳೆ ಮಾಡಿಡುತ್ತದೆ. ಅದನ್ನು ಆ ಹೊತ್ತಿಗೆ ಓಡಿಸುವುದು ಕ್ರಾನ್, ಹೊತ್ತಿಗೆ ಸರಿಯಾಗಿ ಕೆಲಸ ಹಚ್ಚುವ ಪ್ರೋಗ್ರಾಮ್.

ಅಮಾವಾಸ್ಯೆಗೆ ಹಮಾಲರು ಬರುವುದಿಲ್ಲ, ಬಾಗಿಲು ಮುಚ್ಚಿರುತ್ತದೆ. ಅಂಥ ಒಂದು ದಿನ ನೋಡಿ ಉಬುಂಟು ಆಪರೇಟಿಂಗ್ ಸಿಸ್ಟಮ್‌ನ 22.04 ಆವೃತ್ತಿ ಇದ್ದ ಯಂತ್ರವನ್ನು 24.04ಕ್ಕೆ ಏರಿಸಿದೆ. ಮರುದಿನ ಬೆಳಗ್ಗೆ ಗುಮಾಸ್ತರ ಫೋನು: "ಸರ, ಇವತ್ತಿನ ಹಾಳಿ ಬಂದಿಲ್ರಿ. ಮೊನ್ನೀದs ತೋರಸಾಕತ್ತೈತಿ."

ಹೋಗಿ ಸ್ಕ್ರಿಪ್ಟನ್ನು ಕೈಯಿಂದ ಓಡಿಸಿದೆ. ಪಾಂಡಾಸ್ ಎಂಬ ಮಾಡ್ಯೂಲೇ ಇಲ್ಲ ಎಂದಿತು. ಇದು ತಕ್ಷಣ ಅರ್ಥವಾಯಿತು. ಪ್ಯಾಕೇಜು ತಂದು ಹಾಕುವ ಪಿಪ್‌ಗೆ ಯೂಸರ್ ಆಯ್ಕೆ ಕೊಟ್ಟು ಹಾಕಿದ ಪ್ಯಾಕೇಜುಗಳು ನಮ್ಮ ಹೋಮ್ ಫೋಲ್ಡರಿನ .ಲೋಕಲ್ ಒಳಗೆ ಹೋಗಿ ಕೂಡುತ್ತವೆ. 2008ರಲ್ಲಿ ಬಂದ ಪೈಥಾನ್ 2.6ರಿಂದಲೂ ಈ ಏರ್ಪಾಡು ಇದೆ. ಆದರೆ ಆ ದಾರಿಯಲ್ಲಿ ಪೈಥಾನ್ ಆವೃತ್ತಿಯ ಅಂಕೆಯೂ ಇರುತ್ತದೆ. 22.04ರಲ್ಲಿ ಇದ್ದದ್ದು ಪೈಥಾನ್ 3.10, 24.04ರಲ್ಲಿ ಇರುವುದು 3.12. ಹೊಸಬ 3.12ರ ಫೋಲ್ಡರಿನಲ್ಲಿ ಹುಡುಕುತ್ತಾನೆ, ಸಾಮಾನು 3.10ರ ಫೋಲ್ಡರಿನಲ್ಲೇ ಉಳಿದಿದೆ. ಮತ್ತೆ ಹಾಕಿದರೆ ಮುಗಿಯಿತು ಅಂದುಕೊಂಡೆ.

ಪಿಪ್ ಒಪ್ಪಲಿಲ್ಲ. ಈ ಪೈಥಾನ್ ಆಪರೇಟಿಂಗ್ ಸಿಸ್ಟಮ್‌ನ ಸುಪರ್ದಿಯಲ್ಲಿದೆ, ಬೇಕಿದ್ದರೆ ವರ್ಚುವಲ್ ಎನ್ವಿರಾನ್‌ಮೆಂಟ್ (ವೆನ್ವ್, ಪ್ಯಾಕೇಜುಗಳನ್ನು ಬೇರೆಯಾಗಿ ಇಡುವ ಫೋಲ್ಡರ್) ಮಾಡಿಕೋ ಎಂದು ಉದ್ದದ ಬುದ್ಧಿವಾದ ಹೇಳಿತು. ಉಬುಂಟು 23.04ರಿಂದ ಈ ತಡೆ ಇದೆ. ಬುದ್ಧಿವಾದ ಕೇಳುವ ಪುರುಸೊತ್ತು ನನಗೆಲ್ಲಿ? ತಡೆ ಮುರಿಯುವ ಆಯ್ಕೆ ಕೊಟ್ಟು ಹಾಕಿದೆ. ಕೈಯಿಂದ ಓಡಿಸಿದೆ, ಹಾಳೆ ಬಂತು. ಗುಮಾಸ್ತರಿಗೆ ಚಹಾ ಹೇಳಿ ಮನೆಗೆ ಹೋದೆ.

ಮರುದಿನ ಆರಕ್ಕೆ ಮತ್ತೆ ಹಾಳೆ ಇಲ್ಲ. ಈ ಕೆಲಸವನ್ನು ಕ್ರಾನ್ ಓಡಿಸುವುದು ರೂಟ್ ಎಂಬ, ಯಂತ್ರದ ಮೇಲಧಿಕಾರಿ ಖಾತೆಯ ಹೆಸರಿನಲ್ಲಿ, ನಾನು ಹಾಕಿದ್ದು ನನ್ನ ಹೆಸರಿನಲ್ಲಿ, ಅದಕ್ಕೇ ಹೀಗೆ ಎಂದು ಸುಡೋ (ರೂಟ್ ಅಧಿಕಾರದಿಂದ ಓಡಿಸುವ ಆಜ್ಞೆ) ಕೊಟ್ಟು ಇಡೀ ಯಂತ್ರಕ್ಕೇ ಹಾಕಿದೆ. ಈಗ ಒಂದೇ ಪಾಂಡಾಸ್ ಮೂರು ಕಡೆ: 3.10ರ ಹಳೆಯದು, ನನ್ನ ಹೊಸದು, ಯಂತ್ರದ್ದು. ಮೂರನೇ ದಿನವೂ ಹಾಳೆ ಬರಲಿಲ್ಲ. ಸಾವಕಾರರು ಬಾಗಿಲಲ್ಲಿ ನಿಂತು, "ತಮ್ಮಾ, ಮೊದಲ ವಹಿಯೊಳಗ ಬರೀತಿದ್ವಿ. ಅದಕ್ಕ ಕರೆಂಟೂ ಬೇಕಾಗ್ತಿರಲಿಲ್ಲ" ಅಂದರು. ಉತ್ತರ ಇರಲಿಲ್ಲ.

ಆವತ್ತು ಮೊದಲ ಸಲ ಕ್ರಾನ್ ಬರೆದಿಟ್ಟ ಲಾಗ್ ಫೈಲನ್ನು ಪೂರ್ತಿ ಓದಿದೆ. ಮೂರು ದಿನವೂ ಕೊನೆಯ ಸಾಲು ನೋಡಿ ಮುಚ್ಚಿದ್ದೆ. ಅಲ್ಲಿದ್ದ ತಕರಾರೇ ಬೇರೆ! ಪಾಂಡಾಸ್ ಸಿಕ್ಕಿದೆ, ಅದಕ್ಕೆ ಬೇಕಾದ ನಂಪೈ ಎಂಬ ಲೆಕ್ಕದ ಪ್ಯಾಕೇಜೂ ಸಿಕ್ಕಿದೆ, ಆದರೆ ನಂಪೈಯೊಳಗಿನ ಸಿ ಭಾಷೆಯ ಭಾಗ ತೆರೆಯುತ್ತಿಲ್ಲ. ಕೈಯಿಂದ ಓಡಿಸಿದಾಗ ಮೊದಲ ದಿನ ಬಂದದ್ದು "ಇಲ್ಲ" ಎಂಬ ದೂರು. ಇಲ್ಲಿ "ಇದೆ, ಆದರೆ ಕೂಡುತ್ತಿಲ್ಲ" ಎಂಬ ದೂರು. ಟ್ರೇಸ್‌ಬ್ಯಾಕಿನ, ಅಂದರೆ ತಪ್ಪು ಎಲ್ಲಿಂದ ಬಂತೆಂಬ ವರದಿಯ, ದಾರಿಗಳಲ್ಲೆಲ್ಲ 3.10 ಎಂದು ಇತ್ತು. ಓಡುತ್ತಿದ್ದದ್ದು 3.12 ಎಂದು ನಂಪೈ ತಾನಾಗಿಯೇ ಬರೆದು ಹೇಳಿತ್ತು.

ಬರೀ ಪೈಥಾನ್‌ನಲ್ಲೇ ಬರೆದ ಪ್ಯಾಕೇಜು ಹಳೆಯ ಫೋಲ್ಡರಿನಿಂದಲೂ ಹೇಗೋ ನಡೆದುಬಿಡುತ್ತದೆ. ಎಕ್ಸೆಲ್ ಓದುವ ಓಪನ್‌ಪೈಎಕ್ಸ್‌ಎಲ್ ಹಾಗೇ ನಡೆಯುತ್ತಿತ್ತು. ನಂಪೈ ಅಂಥದ್ದಲ್ಲ. ಅದರ ಕಂಪೈಲ್ ಆದ ಫೈಲುಗಳ ಹೆಸರಿನಲ್ಲೇ ಸಿಪೈಥಾನ್-310 ಎಂಬ ಮುದ್ರೆ ಇರುತ್ತದೆ, 3.12 ಅದನ್ನು ಮುಟ್ಟುವುದಿಲ್ಲ.

ಹಾಗಾದರೆ 3.12ಕ್ಕೆ 3.10ರ ಫೋಲ್ಡರ್ ತೋರಿಸಿದವರು ಯಾರು? ಸ್ಕ್ರಿಪ್ಟಿನ ತಲೆಯಲ್ಲಿ ಎರಡು ಸಾಲು ಸೇರಿಸಿದೆ: ಓಡುತ್ತಿರುವ ಪೈಥಾನ್ ಯಾವುದು ಎಂದು ಹೇಳುವ ಸಿಸ್.ಎಕ್ಸಿಕ್ಯೂಟಬಲ್, ಎಲ್ಲೆಲ್ಲಿ ಹುಡುಕುತ್ತದೆ ಎಂದು ಹೇಳುವ ಸಿಸ್.ಪಾಥ್. ಇವುಗಳನ್ನು ಮೊದಲ ದಿನವೇ ಹಾಕಬೇಕಿತ್ತು. ಕೈಯಿಂದ ಒಮ್ಮೆ, ಕ್ರಾನ್‌ನಿಂದ ಒಮ್ಮೆ ಓಡಿಸಿ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟೆ. ಪೈಥಾನ್ ಎರಡರಲ್ಲೂ ಒಂದೇ. ಕ್ರಾನ್ ಪಟ್ಟಿಯಲ್ಲಿ ಮಾತ್ರ ಎರಡನೇ ಸಾಲಿನಲ್ಲಿ, ಸ್ಟ್ಯಾಂಡರ್ಡ್ ಲೈಬ್ರರಿಗಿಂತಲೂ ಮುಂದೆ, ನನ್ನ ಹೋಮ್ ಫೋಲ್ಡರಿನ 3.10 ಕೂತಿತ್ತು.

ತೋರಿಸಿದವನು ನಾನೇ. ಹಿಂದೊಮ್ಮೆ ಹಂಚಿಕೆಯ ಫೋಲ್ಡರಿನಲ್ಲಿ ಬರೆಯಲು ಅನುಮತಿ ಇಲ್ಲ ಎಂದು ಕೆಲಸವನ್ನು ರೂಟ್‌ನ ಕ್ರಾನ್‌ಟ್ಯಾಬಿಗೆ (ಕ್ರಾನ್ ಓದುವ ಕೆಲಸದ ಪಟ್ಟಿಗೆ) ಸಾಗಿಸಿದ್ದೆ. ರೂಟ್‌ಗೆ ನನ್ನ ಪ್ಯಾಕೇಜು ಕಾಣಲಿಲ್ಲ. ಇಲ್ಲೂ ಹುಡುಕು ಎಂದು ಪೈಥಾನ್‌ಗೆ ಹೇಳುವ ಪೈಥಾನ್‌ಪಾಥ್ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ಲನ್ನು, ಟರ್ಮಿನಲ್ ತೆರೆದಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಬರೆದೆ. ಕ್ರಾನ್ ಆ ಫೈಲನ್ನು ಓದುವುದೇ ಇಲ್ಲ. ಕ್ರಾನ್‌ಟ್ಯಾಬಿನಲ್ಲಿ ಡಾಲರ್ ಚಿಹ್ನೆ ಹಾಕಿ ಹೋಮ್ ಎಂದು ಬರೆದೆ; ಅದು ಅಲ್ಲಿ ಹೋಮ್ ಫೋಲ್ಡರಿನ ದಾರಿಯಾಗಿ ಬದಲಾಗುವುದಿಲ್ಲ, ಬರೆದದ್ದು ಬರೆದಂತೆ ಉಳಿಯಿತು. ಕೊನೆಗೆ 3.10 ಸಮೇತ ಪೂರ್ತಿ ದಾರಿ ಬರೆದಾಗ ನಡೆಯಿತು. ನಡೆಯಿತಲ್ಲ ಎಂದು ಮರೆತೂಬಿಟ್ಟೆ.

ಸ್ಕ್ರಿಪ್ಟಿನ ಫೋಲ್ಡರ್ ಬಿಟ್ಟರೆ ಪೈಥಾನ್‌ಪಾಥ್‌ನಲ್ಲಿ ಬರೆದದ್ದೇ ಮೊದಲು, ಯೂಸರ್ ಫೋಲ್ಡರ್, ಯಂತ್ರದ ಫೋಲ್ಡರ್ ಎಲ್ಲ ಆಮೇಲೆ. ಹಾಗಾಗಿ ನಾನು ಹಿಂದುಗಡೆ ಎಷ್ಟು ಪಾಂಡಾಸ್ ಪೇರಿಸಿದರೂ ಮುಂದಿನ ಬಾಗಿಲಲ್ಲಿ ಹಳೆಯದೇ ಸಿಗುತ್ತಿತ್ತು. ಇದನ್ನು ಬಲ್ಲೆ ಅಂದುಕೊಂಡೇ ವೆನ್ವ್ ಮಾಡಿ, ಅದರೊಳಗಿನ ಪೈಥಾನ್‌ನಿಂದ ಓಡಿಸಿದೆ. ಅದೇ ನಂಪೈ ತಕರಾರು! ವೆನ್ವ್ ಯೂಸರ್ ಫೋಲ್ಡರಿನ ಬಾಗಿಲು ಮುಚ್ಚುತ್ತದೆ, ಪೈಥಾನ್‌ಪಾಥ್‌ನದ್ದನ್ನು ಮುಚ್ಚುವುದಿಲ್ಲ. ಕ್ರಾನ್‌ಟ್ಯಾಬಿನ ಆ ಸಾಲನ್ನು ಅಳಿಸಿದ ಮೇಲೇ ಹಾಳೆ ಬಂತು.

ಈ ಗಡಿಬಿಡಿಯಲ್ಲಿ ಇನ್ನೊಂದು ಪೆದ್ದತನವೂ ಆಯಿತು. ಪರೀಕ್ಷೆಗೆಂದು ಬರೆದ ಪುಟ್ಟ ಫೈಲಿಗೆ ಪಾಂಡಾಸ್.ಪಿವೈ ಎಂದೇ ಹೆಸರಿಟ್ಟೆ. ಸ್ಕ್ರಿಪ್ಟ್ ಇರುವ ಫೋಲ್ಡರ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು, ಅದು ತನ್ನನ್ನೇ ತಾನು ಇಂಪೋರ್ಟ್ ಮಾಡಿಕೊಂಡು ಅರ್ಧಕ್ಕೆ ನಿಂತಿತು. ಅರ್ಧ ಗಂಟೆ ಹೋಯಿತು.

ಈಗ ಕೆಲಸ ಓಡುವುದು ರೂಟ್‌ನಲ್ಲಿ ಅಲ್ಲ, ನನ್ನ ಹೆಸರಿನಲ್ಲೇ. ಹಂಚಿಕೆಯ ಫೋಲ್ಡರಿಗೆ ಬೇಕಾದ ಅನುಮತಿ ಕೊಟ್ಟೆ, ಅದಕ್ಕೆ ಬೇಕಾದದ್ದು ಎರಡು ನಿಮಿಷ. ಕ್ರಾನ್ ಸಾಲಿನಲ್ಲಿ ವೆನ್ವ್‌ನೊಳಗಿನ ಪೈಥಾನ್‌ನ ಪೂರ್ತಿ ದಾರಿ ಬರೆದಿದ್ದೇನೆ, ಆಕ್ಟಿವೇಟ್ ಮಾಡುವ ಗೋಜಿಲ್ಲ. ಸುಡೋ ಕೊಟ್ಟು ಹಾಕಿದ್ದನ್ನು ಕಿತ್ತೆ. ಸಂಶಯ ಬಂದಾಗ ಪೈಥಾನ್‌ಗೆ -ಎಂ ಸೈಟ್ ಎಂದು ಕೊಟ್ಟು ನೋಡುತ್ತೇನೆ: ಹುಡುಕುವ ಪಟ್ಟಿ, ಯೂಸರ್ ಫೋಲ್ಡರ್ ಯಾವುದು, ಅದು ಇದೆಯೋ ಇಲ್ಲವೋ, ಬಳಕೆಯಲ್ಲಿದೆಯೋ ಇಲ್ಲವೋ, ಎಲ್ಲ ಒಂದೇ ಕಡೆ ಬರುತ್ತದೆ. ಅದನ್ನು ಯಾವ ಹೆಸರಿನಲ್ಲಿ ಕೆಲಸ ಓಡುತ್ತದೋ ಅದೇ ಹೆಸರಿನಲ್ಲಿ, ಕ್ರಾನ್ ಆದರೆ ಕ್ರಾನ್‌ನಿಂದಲೇ ಓಡಿಸಬೇಕು. ಪಿಪ್ ಅನ್ನೂ ನೇರ ಕರೆಯುವುದಿಲ್ಲ, ಆ ಪೈಥಾನ್ ಮೂಲಕವೇ ಕರೆಯುತ್ತೇನೆ.

ವೇ ಬ್ರಿಜ್ ಪಕ್ಕದ ಕೋಣೆಯ ಕಂಪ್ಯೂಟರ್ ಇನ್ನೂ 22.04ರಲ್ಲೇ ಇದೆ. ಅದರ ಕ್ರಾನ್‌ಟ್ಯಾಬ್ ತೆರೆದು ನೋಡಿದೆ, ಅಲ್ಲೂ ನನ್ನದೇ ಕೈಬರಹ, ಅದೇ 3.10ರ ಸಾಲು. ಹೊಸ ಮಾಲು ಬರುವ ಗದ್ದಲ ಮುಗಿಯಲಿ ಎಂದು ಮುಚ್ಚಿಟ್ಟಿದ್ದೇನೆ.